ಗೂಡಿಗೆ ಮರಳುವ ಹಕ್ಕಿ, ನೌಕೆಯಲ್ಲಿ ನಡೆಯುವ ಗೊಂಬೆ

ಕೊಳಕೂರದಿಂದ ಜೇವರ್ಗಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರು ನಿಂತ ಜನರ ನಡುವೆ ದಾರಿ ಮಾಡಿಕೊಳ್ಳುತ್ತ ಟಿಕೆಟ್ ಕೊಡುತ್ತಾರೆ. ಬಸ್ಸು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎನ್ನೋಣ. ಕಂಡಕ್ಟರು ಮುಂದಿನಿಂದ ಹಿಂದಕ್ಕೆ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೆ, ಹೊಲದ ಬದುವಿನಲ್ಲಿ ನಿಂತು ನೋಡುವವನ ಲೆಕ್ಕಕ್ಕೆ ಅವರು ಬೆನ್ನು ಮುಂದಾಗಿ ಗಂಟೆಗೆ 56 ಕಿ.ಮೀ. ವೇಗದಲ್ಲಿ ಜೇವರ್ಗಿಯ ಕಡೆಗೆ ಸಾಗುತ್ತಿದ್ದಾರೆ. ಕಂಡಕ್ಟರಿಗೆ ಇದಾವುದರ ಚಿಂತೆಯೂ ಇಲ್ಲ. ಮನೆಯ ಪಡಸಾಲೆಯಲ್ಲಿ ನಡೆದಂತೆ ನಡೆಯುತ್ತಾರೆ. ಬ್ರೇಕು ಬಿದ್ದಾಗ, ತಿರುವು ಬಂದಾಗ ಮಾತ್ರ ಮೇಲಿನ ಕಂಬಿ ಹಿಡಿಯುತ್ತಾರೆ.

ಮನುಷ್ಯರಿಗೆ ಇಷ್ಟು ಸಲೀಸಾದ ಈ ನಡಿಗೆ ಕಂಪ್ಯೂಟರಿಗೆ ಬಹಳ ಕಠಿಣ. ಇಂದಿನ ವಿಡಿಯೊ ಆಟಗಳಲ್ಲಿ ಆಟಗಾರನ ಗೊಂಬೆ ಬಾಹ್ಯಾಕಾಶ ನೌಕೆಯ ಚಾಲಕನ ಆಸನದಿಂದ ಎದ್ದು, ಏಣಿ ಇಳಿದು, ಹಿಂದಿನ ಕೋಣೆಗೆ ನಡೆದುಹೋಗಿ, ಕಿಟಕಿಯಿಂದ ನಕ್ಷತ್ರಗಳನ್ನು ನೋಡಬಹುದು. ಅಷ್ಟು ಹೊತ್ತೂ ನೌಕೆ ಸಾವಿರಾರು ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ, ಮಗ್ಗುಲಾಗುತ್ತದೆ, ತಲೆಕೆಳಗೂ ಆಗುತ್ತದೆ. ಗೊಂಬೆಯ ಕಾಲು ಮಾತ್ರ ನೆಲ ಬಿಡುವುದಿಲ್ಲ. ನೋಡುವವರಿಗೆ ಇದರಲ್ಲಿ ಹೆಚ್ಚುಗಾರಿಕೆ ಏನೂ ಕಾಣದು. ಆದರೆ ಈ ನಡಿಗೆಯನ್ನು ತೆರೆಯ ಮೇಲೆ ಸಾಧಿಸಲು ಆಟ ರಚಿಸುವವರು ವರ್ಷಗಟ್ಟಲೆ ತಿಣುಕಿದ್ದಾರೆ.

ಈ ತೊಡಕಿನ ಬೇರು ಬಲು ಹಳೆಯದು. ಓಡುವುದರ ಮೇಲೆ ನಿಂತವನು ಹಿಂದೆ ಉಳಿಯುವುದಿಲ್ಲವೇಕೆ, ‘ಕೆಳಗೆ’ ಎಂದರೆ ಯಾವ ಕಡೆ ಎಂಬ ಎರಡು ಪ್ರಶ್ನೆಗಳನ್ನು ಭಾರತದ ಜ್ಯೋತಿರ್ಗಣಿತಜ್ಞರು ಶತಮಾನಗಳ ಕಾಲ ಕೆದಕಿದ್ದಾರೆ. ಅವರು ಉದಾಹರಣೆಗೆ ತೆಗೆದುಕೊಂಡದ್ದು ದೋಣಿಯನ್ನು ಮತ್ತು ಹಕ್ಕಿಯನ್ನು.

ಹಕ್ಕಿಯ ಪ್ರಶ್ನೆ

ಕ್ರಿ.ಶ. 476ರಲ್ಲಿ ಹುಟ್ಟಿದ ಆರ್ಯಭಟ 499ರ ಸುಮಾರಿಗೆ ‘ಆರ್ಯಭಟೀಯ’ವನ್ನು ಬರೆದ. ಆಕಾಶ ತಿರುಗುತ್ತಿಲ್ಲ, ಭೂಮಿಯೇ ಪೂರ್ವಕ್ಕೆ ತಿರುಗುತ್ತಿದೆ ಎಂಬುದು ಅವನ ಮತ. ಇದನ್ನು ಅವನು ವಿವರಿಸಿದ್ದು ದೋಣಿಯ ಹೋಲಿಕೆಯಿಂದ: ಮುಂದೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮೇಲಿನ ಅಚಲ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ, ಹಾಗೆಯೇ ಅಚಲವಾದ ನಕ್ಷತ್ರಗಳು ನಮಗೆ ಪಶ್ಚಿಮಕ್ಕೆ ಹೋಗುವಂತೆ ಕಾಣುತ್ತವೆ. ಭೀಮಾ ನದಿಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ನಿಲ್ದಾಣದಲ್ಲಿ ಪಕ್ಕದ ರೈಲು ಹೊರಟಾಗ ತಮ್ಮ ರೈಲೇ ಹೊರಟಿತೆಂದು ಒಂದು ಕ್ಷಣ ಮೋಸಹೋದವರಿಗೂ ಇದು ಗೊತ್ತು.

ಭೂಮಿ ತಿರುಗುವ ವೇಗವನ್ನೂ ಆರ್ಯಭಟ ಹೇಳಿದ್ದಾನೆ. ಒಂದು ‘ಪ್ರಾಣ’ದ ಅವಧಿಯಲ್ಲಿ, ಎಂದರೆ ಸುಮಾರು 4 ಸೆಕೆಂಡುಗಳಲ್ಲಿ, ಭೂಮಿ ಒಂದು ‘ಕಲೆ’ಯಷ್ಟು ತಿರುಗುತ್ತದೆ. ಒಂದು ಸುತ್ತಿಗೆ 21,600 ಕಲೆಗಳು. ಈ ಲೆಕ್ಕವನ್ನು ಜೇವರ್ಗಿ ಸೀಮೆಗೆ ಅನ್ವಯಿಸಿದರೆ, ಒಂದು ಸಲ ಉಸಿರೆಳೆದು ಬಿಡುವಷ್ಟರಲ್ಲಿ ಇಲ್ಲಿನ ಹೊಲ, ಬಾವಿ, ಗುಡಿ, ಮಸೀದಿ ಎಲ್ಲವೂ ಸುಮಾರು 1.8 ಕಿ.ಮೀ. ಪೂರ್ವಕ್ಕೆ ಸರಿದಿರುತ್ತವೆ. ಗಂಟೆಗೆ ಸುಮಾರು 1,600 ಕಿ.ಮೀ. ವೇಗವಾಯಿತು.

ಇಷ್ಟು ವೇಗವನ್ನು ನಂಬುವುದು ಹೇಗೆ? 6ನೇ ಶತಮಾನದ ವರಾಹಮಿಹಿರ ನಂಬಲಿಲ್ಲ. ಭೂಮಿ ತಿರುಗುವುದು ನಿಜವಾದರೆ ಆಕಾಶಕ್ಕೇರಿದ ಗಿಡುಗ ಮತ್ತೆ ತನ್ನ ಗೂಡು ಸೇರುವುದು ಹೇಗೆಂದು ಕೇಳಿದ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದ ಬ್ರಹ್ಮಗುಪ್ತ, ಹಾಗಾದರೆ ಎತ್ತರದ ವಸ್ತುಗಳು ಏಕೆ ಉರುಳಿ ಬೀಳುವುದಿಲ್ಲ ಎಂದ. 8ನೇ ಶತಮಾನದ ಲಲ್ಲ ಆಕ್ಷೇಪಗಳ ಪಟ್ಟಿಯನ್ನೇ ಕೊಟ್ಟ. ಹಕ್ಕಿಗಳು ಗೂಡಿಗೆ ಮರಳಲಾರವು. ನೆಟ್ಟಗೆ ಮೇಲಕ್ಕೆ ಬಿಟ್ಟ ಬಾಣ ಪಶ್ಚಿಮದಲ್ಲಿ ಬೀಳಬೇಕು. ಮೋಡಗಳೆಲ್ಲ ಪಶ್ಚಿಮಕ್ಕೇ ಓಡಬೇಕು.

ಇವನ್ನು ಅಜ್ಞಾನದ ಮಾತೆಂದು ನಗುವಂತಿಲ್ಲ. ಇವರೆಲ್ಲ ಗ್ರಹಣಗಳನ್ನು ಲೆಕ್ಕ ಹಾಕಿದ ಪಂಡಿತರು. ಪ್ರಶ್ನೆಯೂ ಸರಿಯಾದದ್ದೇ. ನೆಲ ಬಿಟ್ಟ ಹಕ್ಕಿಯನ್ನು ಭೂಮಿ ತನ್ನೊಡನೆ ಕರೆದುಕೊಂಡು ಹೋಗುವುದು ಯಾವುದರಿಂದ ಎಂಬುದಕ್ಕೆ ಆಗ ಯಾರಲ್ಲಿಯೂ ಪೂರ್ಣ ಉತ್ತರವಿರಲಿಲ್ಲ. 9ನೇ ಶತಮಾನದ ಪೃಥೂದಕಸ್ವಾಮಿಯಂಥ ಕೆಲವರು ಆರ್ಯಭಟನ ಕಡೆಗೆ ಒಲಿದರು. ಆದರೆ ಬಹುಮಂದಿ ಅವನನ್ನು ಗೌರವಿಸುತ್ತಲೇ ಈ ಒಂದು ಮಾತನ್ನು ಬದಿಗೆ ಸರಿಸಿದರು. ಕೆಲವು ವ್ಯಾಖ್ಯಾನಕಾರರು ಮೂಲದ ಪಾಠವನ್ನೇ ತಿದ್ದಿದರು. ‘ಭೂಃ’ ತಿರುಗುತ್ತದೆ ಎಂದಿದ್ದ ಕಡೆ ‘ಭಂ’ ತಿರುಗುತ್ತದೆ ಎಂದು ಓದಿಕೊಂಡರು. ಭೂಃ ಎಂದರೆ ಭೂಮಿ, ಭಂ ಎಂದರೆ ನಕ್ಷತ್ರಮಂಡಲ. ಒಂದು ಅಕ್ಷರ ಬದಲಾಯಿತು; ತಿರುಗುತ್ತಿದ್ದ ಭೂಮಿ ನಿಂತಿತು.

ಹಡಗಿನ ಕೆಳಕೋಣೆ

ಲಲ್ಲನ ಪ್ರಶ್ನೆಯೇ ಯುರೋಪಿನಲ್ಲಿಯೂ ಎದ್ದಿತು. ಅಲ್ಲಿ ಅದಕ್ಕೆ ಬಹು ಸ್ಪಷ್ಟವಾದ ಉತ್ತರ ಕೊಟ್ಟವನು ಗೆಲಿಲಿಯೊ. 1632ರ ತನ್ನ ಸಂವಾದ ಗ್ರಂಥದಲ್ಲಿ ಅವನು ಓದುಗನನ್ನು ದೊಡ್ಡದೊಂದು ಹಡಗಿನ ಕೆಳಕೋಣೆಗೆ ಕರೆದೊಯ್ಯುತ್ತಾನೆ. ಅಲ್ಲಿ ಹಾರುವ ಪಾತರಗಿತ್ತಿಗಳಿವೆ. ನೀರಿನ ಪಾತ್ರೆಯಲ್ಲಿ ಮೀನುಗಳಿವೆ. ಮೇಲೆ ತೂಗುಹಾಕಿದ ಶೀಶೆಯಿಂದ ಹನಿ ಹನಿಯಾಗಿ ನೀರು ಕೆಳಗಿನ ಪಾತ್ರೆಗೆ ಬೀಳುತ್ತಿದೆ. ಹಡಗು ನಿಂತಾಗ ಇವೆಲ್ಲ ಹೇಗೆ ನಡೆಯುತ್ತವೋ, ಹಡಗು ಕುಲುಕದೆ ಒಂದೇ ವೇಗದಲ್ಲಿ ಸಾಗುವಾಗಲೂ ಹಾಗೆಯೇ ನಡೆಯುತ್ತವೆ. ಪಾತರಗಿತ್ತಿ ಹಿಂದಿನ ಗೋಡೆಗೆ ಬಡಿಯುವುದಿಲ್ಲ, ಹನಿ ಪಾತ್ರೆಯನ್ನು ತಪ್ಪುವುದಿಲ್ಲ. ಮುಂದಕ್ಕೆ ಜಿಗಿದರೂ ಹಿಂದಕ್ಕೆ ಜಿಗಿದರೂ ದೂರ ಒಂದೇ. ಕೋಣೆಯೊಳಗಿನ ಯಾವ ಪರೀಕ್ಷೆಯಿಂದಲೂ ಹಡಗು ಓಡುತ್ತಿದೆಯೋ ನಿಂತಿದೆಯೋ ಹೇಳಲಾಗದು.

ಕಾರಣವಿಷ್ಟೆ. ಹಡಗಿನ ವೇಗ ಅದರೊಳಗಿನ ಎಲ್ಲಕ್ಕೂ ಮೊದಲೇ ಬಂದಿರುತ್ತದೆ. ಬಿಟ್ಟ ಮಾತ್ರಕ್ಕೆ ಆ ವೇಗ ಅಳಿಯುವುದಿಲ್ಲ. ತಡೆಯುವ ಬಲವೊಂದು ಬರುವವರೆಗೂ ವಸ್ತು ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ. ಇದೇ ಜಡತ್ವ. 1640ರಲ್ಲಿ ಫ್ರಾನ್ಸಿನ ಪಿಯೆರ್ ಗಸ್ಸೆಂಡಿ ಮಾರ್ಸೇಲ್ ಬಂದರಿನಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದ. ವೇಗವಾಗಿ ಸಾಗುವ ಹಡಗಿನ ಪಟಸ್ತಂಭದ ಮೇಲಿನಿಂದ ಬಿಟ್ಟ ಕಲ್ಲು ಹಿಂದೆ ಉಳಿಯಲಿಲ್ಲ. ಸ್ತಂಭದ ಬುಡಕ್ಕೇ ಬಿತ್ತು. ಹಕ್ಕಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಹಕ್ಕಿಗೂ, ಅದು ಹಾರುವ ಗಾಳಿಗೂ, ಗೂಡಿಗೂ ಭೂಮಿಯ ವೇಗ ಸಮವಾಗಿ ಹಂಚಿಹೋಗಿದೆ.

ಬಸ್ಸಿನ ಕಂಡಕ್ಟರು ನಡೆಯುವುದು ಈ ನಿಯಮದ ಬಲದಿಂದ. ಒಂದು ಅಡಿ ಎತ್ತರ ಜಿಗಿದು ಇಳಿಯಲು ಸುಮಾರು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಬಸ್ಸು 8 ಮೀಟರ್ ಮುಂದೆ ಹೋಗಿರುತ್ತದೆ. ಜಡತ್ವ ಇಲ್ಲದಿದ್ದರೆ ಮುಂದಿನ ಸೀಟಿನ ಬಳಿ ಜಿಗಿದ ಹುಡುಗ ಹಿಂದಿನ ಗಾಜಿನ ಹತ್ತಿರ ಬೀಳಬೇಕಿತ್ತು.

ಲಲ್ಲನ ಜಗತ್ತಿಗೆ ಮರಳಿದ ಕಂಪ್ಯೂಟರು

ಆಟದ ಜಗತ್ತಿನಲ್ಲಿ ಜಡತ್ವ ತಾನಾಗಿ ಇರುವುದಿಲ್ಲ. ಅಲ್ಲಿ ಇರುವುದು ಸಂಖ್ಯೆಗಳು. ಗೊಂಬೆಯ ಸ್ಥಾನಕ್ಕೆ ಮೂರು ಸಂಖ್ಯೆ, ನೌಕೆಯ ಸ್ಥಾನಕ್ಕೆ ಮೂರು ಸಂಖ್ಯೆ. ನೌಕೆಯ ಸಂಖ್ಯೆಗಳನ್ನು ಬದಲಿಸಿದರೆ ನೌಕೆ ಮುಂದೆ ಹೋಗುತ್ತದೆ. ಗೊಂಬೆಯ ಸಂಖ್ಯೆಗಳನ್ನು ಬದಲಿಸಲು ಯಾರೂ ಹೇಳದಿದ್ದರೆ ಗೊಂಬೆ ಅಲ್ಲಿಯೇ ನಿಲ್ಲುತ್ತದೆ. ಲಲ್ಲ ಹೇಳಿದ ಹಕ್ಕಿ ಇಲ್ಲಿ ನಿಜವಾಗಿಯೂ ಗೂಡು ತಪ್ಪುತ್ತದೆ.

ಇದರ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಭೂಮಿಯಿಂದ 400 ಕಿ.ಮೀ. ಎತ್ತರದಲ್ಲಿ ಸುತ್ತುವ ನೌಕೆಯ ವೇಗ ಸೆಕೆಂಡಿಗೆ ಸುಮಾರು 7.7 ಕಿ.ಮೀ. ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡುತ್ತವೆ ಎಂದುಕೊಂಡರೆ, ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ನೌಕೆ ಸುಮಾರು 128 ಮೀಟರ್ ಸರಿದಿರುತ್ತದೆ. ಹಿಂದಿನ ಗೋಡೆ ಗೊಂಬೆಗೆ ಬಡಿಯುವ ಮಾತೇ ಇಲ್ಲ. ಮುಂದಿನ ಚಿತ್ರ ಮೂಡುವಾಗ ನೌಕೆಯೇ ಅಲ್ಲಿರುವುದಿಲ್ಲ. ಗೊಂಬೆ ಬರಿಯ ಶೂನ್ಯದಲ್ಲಿ ನಿಂತಿರುತ್ತದೆ.

ಗೊಂಬೆಗೂ ನೌಕೆಯ ವೇಗವನ್ನು ಕೊಟ್ಟುಬಿಟ್ಟರೆ ಸಾಕಲ್ಲವೇ ಎನ್ನಬಹುದು. ಸಾಲದು. ನೌಕೆ ತಿರುಗುತ್ತದೆ, ವೇಗ ಹೆಚ್ಚಿಸುತ್ತದೆ. ಪ್ರತಿ ಚಿತ್ರಕ್ಕೂ ಮೊದಲು ನೆಲ ಸರಿಯಬೇಕು, ಆಮೇಲೆ ಕಾಲು ಸರಿಯಬೇಕು, ಕಾಲು ನೆಲದೊಳಗೆ ಹೂತಿದೆಯೋ ನೆಲದಿಂದ ಮೇಲೆದ್ದಿದೆಯೋ ನೋಡಿ ತಿದ್ದಬೇಕು. ಸೆಕೆಂಡಿಗೆ 60 ಸಲ ಮಾಡುವ ಈ ತಿದ್ದುಪಡಿಯಲ್ಲಿ ಕೂದಲೆಳೆಯ ತಪ್ಪು ಉಳಿದರೂ ಗೊಂಬೆ ನಡುಗುತ್ತದೆ, ಜಾರುತ್ತದೆ, ಕೆಲವೊಮ್ಮೆ ನೆಲದ ಮೂಲಕ ಹೊರಕ್ಕೆ ತೂರಿಹೋಗುತ್ತದೆ.

ಆಟ ರಚಿಸುವವರು ಕಂಡುಕೊಂಡ ದಾರಿ ಗೆಲಿಲಿಯೊನ ಕೆಳಕೋಣೆಯೇ. ನೌಕೆಯ ಒಳಭಾಗಕ್ಕೆ ಅದರದೇ ಒಂದು ಲೆಕ್ಕದ ಚೌಕಟ್ಟನ್ನು ಕಟ್ಟುತ್ತಾರೆ. ಗೊಂಬೆ ಎಲ್ಲಿದೆ ಎಂಬುದನ್ನು ಜಗತ್ತಿನ ಲೆಕ್ಕದಲ್ಲಿ ಹೇಳುವುದಿಲ್ಲ. ನೌಕೆಯ ಬಾಗಿಲಿನಿಂದ ಇಷ್ಟು ಹೆಜ್ಜೆ, ಗೋಡೆಯಿಂದ ಇಷ್ಟು ದೂರ ಎಂದು ಹೇಳುತ್ತಾರೆ. ಇನ್ನೂ ಮುಂದೆ ಹೋಗಿ, ನೌಕೆಯ ಒಳಭಾಗದ ಕಾಣದ ಪ್ರತಿಯೊಂದನ್ನು ಬೇರೆಡೆ ಅಲುಗದಂತೆ ಇಟ್ಟುಬಿಡುವುದೂ ಉಂಟು. ಗೊಂಬೆ ವಾಸ್ತವವಾಗಿ ನಡೆಯುವುದು ಆ ನಿಂತ ಪ್ರತಿಯಲ್ಲಿ. ಕಂಪ್ಯೂಟರು ಆ ನಡಿಗೆಯನ್ನು ಎತ್ತಿ ಓಡುವ ನೌಕೆಯಲ್ಲಿ ಚಿತ್ರಿಸಿ ತೋರಿಸುತ್ತದೆ. 2012ರಲ್ಲಿ ಜನರಿಂದ ಹಣ ಸಂಗ್ರಹಿಸಿ ತಯಾರಿಕೆಗೆ ತೊಡಗಿದ ‘ಸ್ಟಾರ್ ಸಿಟಿಜನ್’ ಎಂಬ ಆಟ ನೌಕೆಗಳಿಗೆ ಹೀಗೆ ಪ್ರತ್ಯೇಕ ಚೌಕಟ್ಟು ಕೊಡುವುದಕ್ಕೆ ಹೆಸರಾಗಿದೆ.

ತೊಂದರೆ ಬರುವುದು ಬಾಗಿಲಲ್ಲಿ. ಗೊಂಬೆ ನೌಕೆಯಿಂದ ಹೊರಗೆ ಕಾಲಿಟ್ಟ ಕ್ಷಣದಲ್ಲಿ ಅದನ್ನು ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಒಪ್ಪಿಸಬೇಕು. ನೌಕೆಯ ವೇಗವನ್ನು ಅದರ ಲೆಕ್ಕಕ್ಕೆ ಸೇರಿಸಿ ಕಳಿಸಬೇಕು. ನಮ್ಮ ಊರುಗಳಲ್ಲಿ ನಿಧಾನವಾಗುವ ಬಸ್ಸಿನಿಂದ ಇಳಿಯುವವರು ಬಸ್ಸು ಹೋಗುವ ದಿಕ್ಕಿಗೇ ನಾಲ್ಕು ಹೆಜ್ಜೆ ಓಡುತ್ತಾರಲ್ಲ, ಅದೇ ಲೆಕ್ಕ. ಇದನ್ನು ಮರೆತ ಆಟಗಳಲ್ಲಿ ಹೊರಗೆ ಬಂದ ಗೊಂಬೆ ಅಲ್ಲಿಯೇ ನೇತಾಡುತ್ತದೆ, ನೌಕೆ ಮಾಯವಾಗಿರುತ್ತದೆ.

ನಿಂತ ನೌಕೆ, ಓಡುವ ಜಗತ್ತು

ಬಾಹ್ಯಾಕಾಶದ ವಿಸ್ತಾರದಿಂದ ಇನ್ನೊಂದು ತೊಡಕು ಹುಟ್ಟುತ್ತದೆ. ಬಹಳಷ್ಟು ಆಟಗಳಲ್ಲಿ ಸ್ಥಾನವನ್ನು ಹೇಳುವ ಒಂದೊಂದು ಸಂಖ್ಯೆಗೂ ಕಂಪ್ಯೂಟರು ಕೊಡುವ ಜಾಗ 32 ಬಿಟ್. ಅದರಲ್ಲಿ ಹೆಚ್ಚೆಂದರೆ ಏಳು ಅಂಕಿಗಳಷ್ಟು ನಿಖರತೆ ದಕ್ಕುತ್ತದೆ. ಜಗತ್ತಿನ ಮೂಲಬಿಂದುವಿನ ಹತ್ತಿರ ಇದು ಧಾರಾಳ. 100 ಕಿ.ಮೀ. ದೂರ ಹೋದರೆ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರ ಸುಮಾರು 8 ಮಿಲಿಮೀಟರ್ ಆಗುತ್ತದೆ. 10,000 ಕಿ.ಮೀ. ದೂರದಲ್ಲಿ ಅದು ಒಂದು ಮೀಟರ್. ಅಲ್ಲಿ ಗೊಂಬೆ ಹೆಜ್ಜೆ ಇಡಲಾರದು; ಮೀಟರಿನಿಂದ ಮೀಟರಿಗೆ ಕುಪ್ಪಳಿಸಬೇಕು. ಬಟ್ಟೆ ಅಳೆಯಲು ಸರ್ವೆಯವರ ಸರಪಳಿ ತಂದಂತೆ.

ಮೆಕ್ಸಿಕೊದ ಸ್ಕ್ವಾಡ್ ಎಂಬ ಸಂಸ್ಥೆ 2011ರಲ್ಲಿ ಹೊರತಂದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಎಂಬ ರಾಕೆಟ್ ಆಟದಲ್ಲಿ ಈ ದೋಷ ನಾಟಕೀಯವಾಗಿ ಕಂಡಿತು. ವೇಗವೂ ದೂರವೂ ಹೆಚ್ಚಾದಂತೆ ನೌಕೆಯ ಭಾಗಗಳು ಕಾರಣವಿಲ್ಲದೆ ನಡುಗಿ ಚೂರುಚೂರಾಗುತ್ತಿದ್ದವು. ಆಟಗಾರರು ಇದಕ್ಕೆ ಹಡಗು ನುಂಗುವ ಕಡಲ ರಾಕ್ಷಸ ‘ಕ್ರಾಕನ್’ನ ಹೆಸರಿಟ್ಟರು. ರಚನೆಕಾರರು ಮಾಡಿದ ಪರಿಹಾರ ಸರಳ. ನೌಕೆಯನ್ನೇ ಮೂಲಬಿಂದುವಿನಲ್ಲಿ ಇರಿಸಿ, ಗ್ರಹ ನಕ್ಷತ್ರಗಳನ್ನು ಅದರ ಸುತ್ತ ಹಿಂದಕ್ಕೆ ಸರಿಸಿದರು. 2019ರ ‘ಔಟರ್ ವೈಲ್ಡ್ಸ್’ ಎಂಬ ಆಟದಲ್ಲಿಯೂ ಜಗತ್ತಿನ ನಡುಬಿಂದು ಆಟಗಾರನೇ. ಅವನು ಮುಂದಕ್ಕೆ ನಡೆದರೆ ಇಡೀ ಸೌರಮಂಡಲ ಹಿಂದಕ್ಕೆ ಜರುಗುತ್ತದೆ.

ಆರ್ಯಭಟನ ದೋಣಿಯಲ್ಲಿ ಕುಳಿತವನಿಗೆ ಕಂಡದ್ದೂ ಇದೇ. ‘ಭೂಃ’ ಎಂಬುದನ್ನು ‘ಭಂ’ ಎಂದು ತಿದ್ದಿದ ವ್ಯಾಖ್ಯಾನಕಾರರು ಮಾಡಿದ್ದೂ ಇದೇ. ವ್ಯತ್ಯಾಸವಿರುವುದು ತಿಳಿವಳಿಕೆಯಲ್ಲಿ. ಅವರು ಭೂಮಿ ನಿಜವಾಗಿ ನಿಂತಿದೆ ಎಂದು ನಂಬಿ ಅಕ್ಷರ ಬದಲಿಸಿದರು. ಇವರು ಲೆಕ್ಕದ ಅನುಕೂಲಕ್ಕಾಗಿ ನೌಕೆಯನ್ನು ನಿಲ್ಲಿಸಿದ್ದಾರೆ. ಬೇಕಾದಾಗ ಚೌಕಟ್ಟು ಬದಲಿಸಲು ಸಿದ್ಧರಿದ್ದಾರೆ.

ಕೆಳಗೆ ಎಂದರೆ ಯಾವ ಕಡೆ?

ಚಲನೆಯ ಪ್ರಶ್ನೆ ಬಗೆಹರಿದರೂ ಗುರುತ್ವದ ಪ್ರಶ್ನೆ ಉಳಿಯುತ್ತದೆ. ನೌಕೆ ತಲೆಕೆಳಗಾದರೂ ಗೊಂಬೆ ಚಾವಣಿಗೆ ಬೀಳಬಾರದು. ಅದಕ್ಕೆ ‘ಕೆಳಗೆ’ ಎಂಬ ದಿಕ್ಕನ್ನು ಯಾರು ಹೇಳಿಕೊಡಬೇಕು?

ಈ ಪ್ರಶ್ನೆಯನ್ನು ಸೊಗಸಾಗಿ ಎತ್ತಿಕೊಂಡವನು ಭಾಸ್ಕರಾಚಾರ್ಯ. 1114ರಲ್ಲಿ ಹುಟ್ಟಿ 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ರಚಿಸಿದ ಅವನು ತನ್ನ ಊರನ್ನು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ಇಂದಿನ ವಿಜಯಪುರವೇ ಎಂದು ಕೆಲವರೂ, ಅವನ ಮೊಮ್ಮಗ ಚಾಂಗದೇವನ 1207ರ ಶಾಸನವಿರುವ ಚಾಳೀಸಗಾಂವ ಬಳಿಯ ಪಾಟಣದ ಸೀಮೆಯೆಂದು ಕೆಲವರೂ ವಾದಿಸುತ್ತಾರೆ. ಊರು ಯಾವುದೇ ಇರಲಿ, ಅವನ ಮಾತು ಗಮನಾರ್ಹ. ಭೂಮಿಗೆ ಆಧಾರವೇನು, ಆ ಆಧಾರಕ್ಕೆ ಆಧಾರವೇನು ಎಂದು ಕೇಳುತ್ತ ಹೋದರೆ ಕೊನೆಯಿಲ್ಲ. ಕೊನೆಗೆ ಒಂದಕ್ಕೆ ಸ್ವಶಕ್ತಿ ಒಪ್ಪಲೇಬೇಕಾದರೆ ಅದನ್ನು ಭೂಮಿಗೇ ಏಕೆ ಒಪ್ಪಬಾರದು ಎನ್ನುತ್ತಾನೆ. ಭೂಮಿ ಭಾರದ ವಸ್ತುಗಳನ್ನು ತನ್ನೆಡೆಗೆ ಸೆಳೆಯುತ್ತದೆ. ಅದನ್ನೇ ನಾವು ಬೀಳುವುದೆಂದು ಕಾಣುತ್ತೇವೆ. ಸುತ್ತಲೂ ಆಕಾಶ ಸಮವಾಗಿರುವಾಗ ಭೂಮಿ ತಾನು ಬೀಳುವುದಾದರೂ ಎಲ್ಲಿಗೆ? ಗೋಳದ ಆಚೆ ಬದಿಯವರು ನೀರಿನ ದಡದಲ್ಲಿ ನಿಂತವನ ಪ್ರತಿಬಿಂಬದಂತೆ ನಮಗೆ ತಲೆಕೆಳಗು. ಆದರೆ ನಾವು ಇಲ್ಲಿ ಇರುವಷ್ಟೇ ನೆಮ್ಮದಿಯಾಗಿ ಅವರೂ ಅಲ್ಲಿದ್ದಾರೆ.

ಇದು ನ್ಯೂಟನ್ನನ ನಿಯಮವಲ್ಲ. ದೂರಕ್ಕೆ ತಕ್ಕಂತೆ ಸೆಳೆತ ಎಷ್ಟು ಕುಗ್ಗುತ್ತದೆ ಎಂಬ ಗಣಿತ ಇಲ್ಲಿಲ್ಲ. ಭೂಮಿ ತಿರುಗುತ್ತದೆ ಎಂಬುದನ್ನು ಭಾಸ್ಕರ ಒಪ್ಪಿದವನೂ ಅಲ್ಲ. ಆದರೆ ‘ಕೆಳಗೆ’ ಎಂಬುದು ಜಗತ್ತಿಗೆಲ್ಲ ಒಂದೇ ದಿಕ್ಕಲ್ಲ, ಸೆಳೆಯುವ ವಸ್ತುವಿನ ಕಡೆಗಿನ ದಿಕ್ಕು ಎಂಬ ತಿಳಿವು ಇಲ್ಲಿ ಖಚಿತವಾಗಿದೆ. ಗ್ರಹದ ಮೇಲೆ ಇಳಿಯುವ ಆಟಗಳಲ್ಲಿ ಪ್ರತಿ ಗೊಂಬೆಗೂ ‘ಕೆಳಗೆ’ಯನ್ನು ಗೊತ್ತುಮಾಡುವುದು ಈ ರೀತಿಯಿಂದಲೇ.

ಕಂಪ್ಯೂಟರ್ ಆಟಗಳಿಗೂ ಗುರುತ್ವಕ್ಕೂ ನಂಟು ಮೊದಲಿನಿಂದ ಇದೆ. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಎಂಬ ಯಂತ್ರದ ಮೇಲೆ ‘ಸ್ಪೇಸ್‌ವಾರ್’ ಆಟವನ್ನು ರಚಿಸಿದರು. ತೆರೆಯ ನಡುವಿನ ನಕ್ಷತ್ರವೊಂದು ಎರಡು ನೌಕೆಗಳನ್ನೂ ತನ್ನತ್ತ ಸೆಳೆಯುತ್ತಿತ್ತು. ಆ ಸೆಳೆತದ ಲೆಕ್ಕವನ್ನು ಬರೆದುಕೊಟ್ಟವನು ಡ್ಯಾನ್ ಎಡ್ವರ್ಡ್ಸ್. ಆದರೆ ನೌಕೆಗಳು ಹಾರಿಸುವ ಗುಂಡುಗಳಿಗೆ ಗುರುತ್ವವಿರಲಿಲ್ಲ. ಅಷ್ಟೊಂದು ಲೆಕ್ಕ ಮಾಡುವ ಶಕ್ತಿ ಆ ಯಂತ್ರಕ್ಕೆ ಇರಲಿಲ್ಲ. ಯಾವುದಕ್ಕೆ ಗುರುತ್ವ ಬೇಕು, ಯಾವುದಕ್ಕೆ ಬೇಡ ಎಂದು ರಚನೆಕಾರರು ಆರಿಸುವ ಪದ್ಧತಿ ಅಂದೇ ಆರಂಭವಾಯಿತು.

ನಿಜವಾದ ನೌಕೆಯಲ್ಲಿ ಇಂಥ ಆಯ್ಕೆ ಇಲ್ಲ. 400 ಕಿ.ಮೀ. ಎತ್ತರದಲ್ಲಿ ಗುರುತ್ವ ಇರುವುದಿಲ್ಲ ಎಂಬುದು ತಪ್ಪು ಕಲ್ಪನೆ. ನೆಲದ ಮೇಲಿನ ಗುರುತ್ವದ ಸುಮಾರು ಶೇ 88ರಷ್ಟು ಅಲ್ಲಿಯೂ ಇದೆ. ಆದರೂ ಗಗನಯಾತ್ರಿ ತೇಲುತ್ತಾನೆ. ಏಕೆಂದರೆ ಅವನೂ ನೌಕೆಯೂ ಒಂದೇ ರೀತಿಯಲ್ಲಿ ಭೂಮಿಯ ಕಡೆಗೆ ಬೀಳುತ್ತಲೇ ಇರುತ್ತಾರೆ. ಪಕ್ಕಕ್ಕೆ ಓಡುವ ವೇಗದಿಂದಾಗಿ ನೆಲ ಮುಟ್ಟುವುದಿಲ್ಲ ಅಷ್ಟೆ. ಕಾಲು ಒತ್ತುವ ಮುನ್ನವೇ ನೆಲವೂ ಅಷ್ಟೇ ಕೆಳಗೆ ಸರಿದಿರುತ್ತದೆ. ಬಸ್ಸಿನಲ್ಲಿ ನಡೆಯಲು ಬಿಡುವ ನಿಯಮವೇ ಇಲ್ಲಿ ನಡೆಯಲು ಬಿಡುವುದಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಓಡುಪಟ್ಟಿಯ ಮೇಲೆ ವ್ಯಾಯಾಮ ಮಾಡುವವರು ಸೊಂಟ ಭುಜಗಳಿಗೆ ಪಟ್ಟಿ ಬಿಗಿದು ತಮ್ಮನ್ನು ಕೆಳಗೆ ಎಳೆಸಿಕೊಳ್ಳಬೇಕು.

ಹೀಗಾಗಿ ನೌಕೆಯಲ್ಲಿ ಅಡ್ಡಾಡುವ ಆಟದ ಗೊಂಬೆ ಎರಡು ಸುಳ್ಳುಗಳ ಮೇಲೆ ನಿಂತಿದೆ. ನೌಕೆ ನಿಂತಿದೆ ಎಂಬುದು ಒಂದು, ನೆಲದಡಿ ಗುರುತ್ವ ಹುಟ್ಟಿಸುವ ಯಂತ್ರವಿದೆ ಎಂಬುದು ಇನ್ನೊಂದು. ಮೊದಲನೆಯದನ್ನು ಗೆಲಿಲಿಯೊ ಒಪ್ಪುತ್ತಿದ್ದ. ಎರಡನೆಯದಕ್ಕೆ ಆಧಾರವಿಲ್ಲ, ಅಂಥ ಯಂತ್ರವನ್ನು ಯಾರೂ ಕಂಡುಹಿಡಿದಿಲ್ಲ.

ಚಕ್ರದೊಳಗಿನ ನೆಲ

ಗುರುತ್ವಕ್ಕೆ ಬದಲಿ ಇಲ್ಲವೆಂದಲ್ಲ. 1806ರಲ್ಲಿ ಇಂಗ್ಲೆಂಡಿನ ತೋಟಗಾರಿಕೆ ತಜ್ಞ ಥಾಮಸ್ ನೈಟ್ ಒಂದು ಪ್ರಯೋಗವನ್ನು ಪ್ರಕಟಿಸಿದ. ಹೊಳೆಯ ನೀರಿನಿಂದ ವೇಗವಾಗಿ ತಿರುಗುವ ಚಕ್ರದ ಅಂಚಿಗೆ ಬೀಜಗಳನ್ನು ಕಟ್ಟಿ ಮೊಳೆಯಿಸಿದ. ಬೇರುಗಳು ಚಕ್ರದ ಹೊರಕ್ಕೂ ಮೊಳಕೆಗಳು ನಡುವಿನ ಅಚ್ಚಿನ ಕಡೆಗೂ ಬೆಳೆದವು. ಗಿಡಕ್ಕೆ ‘ಕೆಳಗೆ’ ಎಂದರೆ ಚಕ್ರ ಹೊರಕ್ಕೆ ದೂಡುವ ದಿಕ್ಕಾಗಿತ್ತು.

ಈ ಉಪಾಯವನ್ನು ಮನುಷ್ಯರಿಗೆ ಒದಗಿಸಬಹುದೆಂದು 20ನೇ ಶತಮಾನದ ಆರಂಭದಲ್ಲಿ ರಷ್ಯದ ತ್ಸಿಯೊಲ್ಕೊವ್‌ಸ್ಕಿ ಸೂಚಿಸಿದ. ಸ್ಲೊವೇನಿಯ ಮೂಲದ ಇಂಜಿನಿಯರ್ ಹರ್ಮನ್ ಪೊಟೊಚ್ನಿಕ್ 1920ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 30 ಮೀಟರ್ ವ್ಯಾಸದ ವಾಸದ ಚಕ್ರದ ನಕ್ಷೆ ಬರೆದ. 1966ರ ಸೆಪ್ಟೆಂಬರಿನಲ್ಲಿ ಜೆಮಿನಿ-11 ನೌಕೆಯನ್ನು ಇನ್ನೊಂದು ನೌಕೆಗೆ ಹಗ್ಗದಿಂದ ಕಟ್ಟಿ ತಿರುಗಿಸಿ, ಮೈಗೆ ಗೊತ್ತಾಗದಷ್ಟು ಅಲ್ಪ ಗುರುತ್ವವನ್ನು ಉಂಟುಮಾಡಲಾಯಿತು. ದೊಡ್ಡ ಪ್ರಮಾಣದ ಚಕ್ರವನ್ನು ಈವರೆಗೆ ಯಾರೂ ಕಟ್ಟಿಲ್ಲ. ಕಾರಣ ಅದರ ಗಾತ್ರ. ಚಕ್ರ ಚಿಕ್ಕದಾದರೆ ವೇಗವಾಗಿ ತಿರುಗಬೇಕು. ಆಗ ತಲೆ ಹೊರಳಿಸಿದರೂ ಸಾಕು, ವಾಕರಿಕೆ ಬರುತ್ತದೆ. ನಿಮಿಷಕ್ಕೆ ಎರಡೇ ಸುತ್ತು ತಿರುಗಿ ಭೂಮಿಯಷ್ಟು ಗುರುತ್ವ ಕೊಡಬೇಕೆಂದರೆ ಚಕ್ರದ ತ್ರಿಜ್ಯ ಸುಮಾರು 224 ಮೀಟರ್ ಇರಬೇಕು. ಅಡ್ಡಳತೆ ಹೆಚ್ಚುಕಡಿಮೆ ಅರ್ಧ ಕಿ.ಮೀ.

ಕಟ್ಟಲಾಗದ್ದನ್ನು ಆಟದಲ್ಲಿ ಕಟ್ಟಿದರು. 1984ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳಾದ ಡೇವಿಡ್ ಬ್ರಾಬೆನ್ ಮತ್ತು ಇಯಾನ್ ಬೆಲ್ ಕೇವಲ 32 ಕಿಲೋಬೈಟ್ ಸ್ಮೃತಿಯ ಗಣಕಕ್ಕೆ ‘ಇಲೈಟ್’ ಆಟ ರಚಿಸಿದರು. ಅದರಲ್ಲಿನ ತಿರುಗುವ ನಿಲ್ದಾಣದ ಹೆಸರು ಕೊರಿಯೊಲಿಸ್. ತಿರುಗುವ ಚೌಕಟ್ಟಿನಲ್ಲಿ ಚಲಿಸುವ ವಸ್ತು ಅಡ್ಡದಾರಿ ಹಿಡಿದಂತೆ ಕಾಣುವುದನ್ನು ಗಣಿತದಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿಯ ಹೆಸರದು. ಒಳಗೆ ಹೋಗಬೇಕಾದರೆ ಆಟಗಾರ ತನ್ನ ನೌಕೆಯನ್ನೂ ನಿಲ್ದಾಣದ ಸಮಕ್ಕೆ ತಿರುಗಿಸಬೇಕಿತ್ತು.

ತೆರೆಯಿಂದ ಮೈಗೆ

ಅದೇ 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸಲ್ಯೂತ್-7 ನಿಲ್ದಾಣದಲ್ಲಿದ್ದರು. ಆ ಯಾನಕ್ಕೆ ಆಯ್ಕೆಯಾಗುವ ಮುನ್ನ ಅವರ ದೇಹದ ಪರೀಕ್ಷೆ ನಡೆದದ್ದು ಬೆಂಗಳೂರಿನ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ. 1957ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಉದ್ದನೆಯ ತೋಳಿನ ತುದಿಗೆ ಮನುಷ್ಯನನ್ನು ಕೂರಿಸಿ ಗರಗರನೆ ತಿರುಗಿಸುವ ಯಂತ್ರವಿದೆ. ನೈಟ್‌ನ ಚಕ್ರದ ತತ್ವವೇ ಅದರದೂ. ಭೂಮಿಯ ಗುರುತ್ವದ ಹಲವು ಪಟ್ಟು ಒತ್ತಡವನ್ನು ಯುದ್ಧವಿಮಾನದ ಚಾಲಕರು ಅದರಲ್ಲಿ ಅನುಭವಿಸಿ ಪಳಗುತ್ತಾರೆ. 2019ರ ಜನವರಿಯಲ್ಲಿ ಇಸ್ರೊದ ಮಾನವ ಬಾಹ್ಯಾಕಾಶ ಯಾನ ಕೇಂದ್ರವೂ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಗಗನಯಾನ ಯೋಜನೆಗೆ ಆರಿಸಿದ ನಾಲ್ವರು ರಷ್ಯದಿಂದ ಮರಳಿದ ಮೇಲೆ ತರಬೇತಿ ಮುಂದುವರಿಸಿದ್ದು ಈ ನಗರದಲ್ಲಿ. ಆಟದ ಉದ್ಯಮಕ್ಕೂ ಇದೇ ನಗರ ನೆಲೆ ಕೊಟ್ಟಿತು. ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಆರಂಭವಾದದ್ದು ಇಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು.

ತರಬೇತಿಯ ಕೃತಕ ಕೋಣೆಗಳಿಗೂ ವಿಡಿಯೊ ಆಟಕ್ಕೂ ತಂತ್ರದಲ್ಲಿ ನೆಂಟಸ್ತನ ಉಂಟು. ಕಿಟಕಿಯ ಆಚೆ ಜಗತ್ತು ಓಡುತ್ತದೆ, ಕೋಣೆ ನಿಂತಿರುತ್ತದೆ. ವೇಗ ಹೆಚ್ಚಿದ ಭಾವನೆ ಕೊಡಲು ಕೋಣೆಯನ್ನು ಹಿಂದಕ್ಕೆ ವಾಲಿಸುತ್ತಾರೆ. ಆಗ ಭೂಮಿಯ ಗುರುತ್ವವೇ ಬೆನ್ನನ್ನು ಆಸನಕ್ಕೆ ಒತ್ತುತ್ತದೆ. ಆದರೆ ತೇಲುವ ಅನುಭವವನ್ನು ನೆಲದ ಮೇಲಿನ ಯಾವ ಕೋಣೆಯೂ ಕೊಡಲಾರದು. ವಿಮಾನವನ್ನು ಎಸೆದ ಕಲ್ಲಿನ ಹಾದಿಯಲ್ಲಿ ಹಾರಿಸಿದಾಗ ಇಪ್ಪತ್ತು-ಇಪ್ಪತ್ತೈದು ಸೆಕೆಂಡು ಮಾತ್ರ ಅದು ದೊರೆಯುತ್ತದೆ. ಕಣ್ಣನ್ನು ನಂಬಿಸುವುದು ಸುಲಭ. ಕಿವಿಯ ಒಳಗೆ ಸುಣ್ಣದ ಸೂಕ್ಷ್ಮ ಕಣಗಳಿವೆ. ಅವು ಯಾವ ಕಡೆಗೆ ಜಗ್ಗುತ್ತವೋ ಅದನ್ನು ದೇಹ ‘ಕೆಳಗೆ’ ಎಂದು ತಿಳಿಯುತ್ತದೆ. ಅವನ್ನು ಚಿತ್ರದಿಂದ ನಂಬಿಸಲಾಗದು.

ಗಿಡಗಳಿಗೂ ಇಂಥದೇ ಏರ್ಪಾಡಿದೆ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಕಣಗಳು ತಳಕ್ಕೆ ಕೂಡುತ್ತವೆ. ಬೇರು ಆ ಕಡೆಗೆ ಇಳಿಯುತ್ತದೆ. 2025ರ ಜೂನ್ 25ರಂದು ಹೊರಟು ಜುಲೈ 15ರಂದು ಮರಳಿದ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದ ಮೊದಲ ಭಾರತೀಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಧಾರವಾಡ ರೂಪಿಸಿದ ಪ್ರಯೋಗಕ್ಕಾಗಿ ಅವರು ಹೆಸರುಕಾಳು ಮತ್ತು ಮೆಂತ್ಯದ ಬೀಜಗಳನ್ನು ಅಲ್ಲಿ ಮೊಳೆಯಿಸಿದರು. ದೂರದ ಯಾನಗಳಿಗೆ ಹೋಗುವವರು ತಮ್ಮ ಊಟಕ್ಕೆ ಕಾಳು ಮೊಳೆಯಿಸಿಕೊಳ್ಳಬೇಕಾದರೆ, ಕೆಳಗೆ ಎಂಬುದೇ ಇಲ್ಲದ ಕಡೆ ಮೊಳಕೆ ಹೇಗೆ ಬರುತ್ತದೆ ಎಂಬುದು ಮೊದಲು ತಿಳಿಯಬೇಕು.

ಆರ್ಯಭಟನ ಹೆಸರಿನ ಉಪಗ್ರಹವೂ ಬೆಂಗಳೂರಿನದೇ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ, 1975ರ ಏಪ್ರಿಲ್ 19ರಂದು ರಷ್ಯದ ಕಪೂಸ್ತಿನ್ ಯಾರ್‌ನಿಂದ ಹಾರಿತು. ಆಮೇಲೆ ಭಾರತ ಶ್ರೀಹರಿಕೋಟಾದಿಂದ ತನ್ನ ಉಪಗ್ರಹಗಳನ್ನು ತಾನೇ ಹಾರಿಸಲು ಕಲಿತಿತು. ಅಲ್ಲಿಂದ ಧ್ರುವಗಳ ಮೇಲೆ ಹಾಯುವ ಉಪಗ್ರಹಗಳನ್ನು ದಕ್ಷಿಣಕ್ಕೆ ಹಾರಿಸುತ್ತಾರೆ. ಉಳಿದಂತೆ ರಾಕೆಟ್ಟುಗಳು ಪೂರ್ವದ ಕಡಲಿನ ಮೇಲೆ ಏರುತ್ತವೆ. ಭೂಮಿ ಪೂರ್ವಕ್ಕೆ ತಿರುಗುತ್ತಿರುವುದರಿಂದ ನೆಲ ಬಿಡುವ ಮುನ್ನವೇ ಆ ರಾಕೆಟ್ಟಿಗೆ ಸೆಕೆಂಡಿಗೆ ಸುಮಾರು 450 ಮೀಟರ್ ವೇಗ ಇಂಧನದ ಖರ್ಚಿಲ್ಲದೆ ಸಿಕ್ಕಿರುತ್ತದೆ. ಹಕ್ಕಿಯನ್ನು ಸಂಜೆ ಗೂಡಿಗೆ ತಲುಪಿಸುವ ಈ ವೇಗವನ್ನು ಉಡಾವಣೆಯ ಲೆಕ್ಕ ಬರೆಯುವವರು ಜಮಾ ಕಡೆಯಲ್ಲಿ ಮೊದಲಿಗೇ ಬರೆದುಕೊಳ್ಳುತ್ತಾರೆ.